ಹಿಡಿ ಎಡಕ್ಕೇ ಇರಲಿ

ಕಾಲೇಜಿನ ವರ್ಕ್‌ಶಾಪಿನಲ್ಲಿ ಗೋಡೆಗುಂಟ ಐದು ಡ್ರಿಲ್ಲಿಂಗ್ ಮೆಷಿನ್‌ಗಳಿದ್ದವು. ಐದರ ಹಿಡಿಯೂ ಬಲಕ್ಕೆ. ಎಡಗೈಯಲ್ಲಿ ತಗಡು ಹಿಡಿದು ಬಲಗೈಯಲ್ಲಿ ಹಿಡಿ ಎಳೆದರೆ ಡ್ರಿಲ್ ಕೆಳಗಿಳಿದು ತೂತು ಕೊರೆಯುತ್ತದೆ.

ಪ್ರಾಡಕ್ಟ್ ಡಿಸೈನ್ ಎಂಜಿನಿಯರಿಂಗ್ ಓದಲು ಬಂದ ಒಬ್ಬ ಹುಡುಗಿಗೆ ಬಲಗೈ ಮಾತು ಕೇಳುತ್ತಿರಲಿಲ್ಲ. ಎಡಗೈಯನ್ನೇ ಅಡ್ಡ ಚಾಚಿ ಹಿಡಿ ಎಳೆಯುತ್ತಿದ್ದಳು. ತಗಡಿನ ಮೇಲೆ ತಾನೇ ಹಾಕಿದ ಗುರುತನ್ನು ತನ್ನ ತೋಳೇ ಮರೆಮಾಡುತ್ತಿತ್ತು. ತೂತು ಪಕ್ಕಕ್ಕೆ ಸರಿಯುತ್ತಿತ್ತು.

“ಅಭ್ಯಾಸ ಮಾಡ್ಕೋಮ್ಮ, ಎಲ್ಲ ಸರಿಹೋಗುತ್ತೆ” ಎಂದರು ವರ್ಕ್‌ಶಾಪ್ ಮೇಷ್ಟ್ರು. ತರಗತಿಯವರು ‘ಎಡಚಿ’ ಎಂದು ಹೆಸರಿಟ್ಟರು. ಆ ಹೆಸರಿಗೆ ಅವಳು ಓಗೊಟ್ಟಳು. ಮೇಷ್ಟ್ರ ಬುದ್ಧಿಮಾತಿಗೆ ಮಾತ್ರ ಓಗೊಡಲಿಲ್ಲ.

ಈ ಜಗಳ ಮನೆಯಲ್ಲಿ ಹಳೆಯದು. ಇಸ್ತ್ರಿ ಅಂಗಡಿ ನಡೆಸುವ ಅಮ್ಮ ಚಿಕ್ಕಂದಿನಲ್ಲಿ ಮಗಳ ಪೆನ್ಸಿಲನ್ನು ಬಲಗೈಗೆ ದಾಟಿಸುತ್ತಿದ್ದಳು. ಅಮ್ಮ ಬೆನ್ನು ತಿರುಗಿಸಿದ ಕೂಡಲೇ ಅದು ಎಡಗೈಗೆ ವಾಪಸು.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವಳು ಎಡಗೈಯವರ ಡ್ರಿಲ್ಲಿಂಗ್ ಮೆಷಿನ್ ಮಾಡಿದಳು. ಹಿಡಿಯ ಮಾದರಿಯನ್ನು ಥರ್ಮೊಕೋಲಿನಲ್ಲಿ ಕೆತ್ತಿ, ಮುಷ್ಟಿಯಲ್ಲಿ ಹಿಡಿದು ನೋಡಿ, ಒತ್ತುವಲ್ಲಿ ಉಜ್ಜಿ, ಮತ್ತೆ ಹಿಡಿದು ನೋಡಿದಳು. ಹಿಡಿ ಎಡಕ್ಕೆ, ಸ್ವಿಚ್ಚೂ ಎಡಕ್ಕೆ.

ವಿಭಾಗದ ಮುಖ್ಯಸ್ಥರು ಮೆಷಿನ್ನಿಗೆ ಒಂದು ಸುತ್ತು ಬಂದರು. “ಬಲಗಡೆಗೂ ಒಂದು ಹಿಡಿ ಹಾಕು. ಎಲ್ಲರಿಗೂ ಆಗುತ್ತೆ. ಇಲ್ಲದಿದ್ರೆ ಪಾಸಾಗೋದು ಕಷ್ಟ.”

ಮಾತು ತಪ್ಪೇನಲ್ಲ. ಅದು ಅವಳಿಗೂ ಗೊತ್ತಿತ್ತು.

“ಹಾಕ್ತೀನಿ ಸರ್. ಗೋಡೆ ಹತ್ರ ಇರೋ ಐದಕ್ಕೂ ಎಡಗಡೆ ಹಿಡಿ ಹಾಕಿಸಿ. ಅವತ್ತೇ ಹಾಕ್ತೀನಿ.”

ಸುದ್ದಿ ತಿಳಿದ ಅಮ್ಮ ಫೋನಿನಲ್ಲೇ ಕೂಗಾಡಿದಳು. “ಒಂದು ಹಿಡಿ ತಾನೇ, ಹಾಕಿ ಬಿಸಾಕೇ! ಮೊದ್ಲು ಪಾಸಾಗಿ ಬಾ. ಅದ್ಯಾರ ಹಟ ಬಂದಿದ್ಯೋ ನಿಂಗೆ!”

“ನಿಂದೇ ಅಮ್ಮ.”

ಪರೀಕ್ಷೆಯ ದಿನ ಕಾರ್ಖಾನೆಯೊಂದರಿಂದ ಪರೀಕ್ಷಕರು ಬಂದರು. ಮೆಷಿನ್ನಿನ ಮುಂದೆ ನಿಂತವರೇ ಬಲಗೈಯನ್ನು ಅಡ್ಡ ಚಾಚಿ ಹಿಡಿ ಎಳೆದರು. ತೂತು ಗುರುತಿನಿಂದ ಪಕ್ಕಕ್ಕೆ ಬಿತ್ತು.

“ಇದೇನಮ್ಮ, ನನ್ನ ಕೈಯೇ ನಂಗೆ ಅಡ್ಡ ಬರುತ್ತಲ್ಲ!”

“ಹೌದು ಸರ್, ಬರುತ್ತೆ.”

“ಮತ್ತೆ ಬಲಗೈಯವರು ಏನ್ಮಾಡ್ಬೇಕು?”

“ಅಭ್ಯಾಸ ಮಾಡ್ಕೋಬೇಕು ಸರ್. ಎಲ್ಲ ಸರಿಹೋಗುತ್ತೆ.”

ಹಿಂದೆ ನಿಂತಿದ್ದ ವರ್ಕ್‌ಶಾಪ್ ಮೇಷ್ಟ್ರಿಗೆ ಕೆಮ್ಮು ಬಂತು. ಮುಖ್ಯಸ್ಥರ ಮುಖ ಗಂಟಿಕ್ಕಿತು. ಪರೀಕ್ಷಕರು ಗೋಡೆಯ ಕಡೆ ತಿರುಗಿ ಐದು ಹಿಡಿಗಳನ್ನೂ ಒಂದೊಂದಾಗಿ ನೋಡಿದರು. ಆಮೇಲೆ ಬೇರೊಂದು ತಗಡು ತೆಗೆದುಕೊಂಡು, ಈ ಸಲ ಎಡಗೈಯಲ್ಲಿ, ನಿಧಾನವಾಗಿ ಕೊರೆದರು.

ಅಂಕಪಟ್ಟಿಯಲ್ಲಿ ‘ಎಲ್ಲರ ಬಳಕೆಗೆ ಯೋಗ್ಯ’ ಎಂಬ ಅಂಶಕ್ಕೆ ಅವಳಿಗೆ ಸಿಕ್ಕಿದ್ದು ಸೊನ್ನೆ. ಉಳಿದ ಅಂಕಗಳಲ್ಲಿ ಪಾಸಾದಳು, ಅಂಚಿನಲ್ಲಿ. ಮರುಮೌಲ್ಯಮಾಪನ ಕೇಳಲಿಲ್ಲ.

ಗೋಡೆಗುಂಟ ಈಗ ಆರು ಮೆಷಿನ್‌ಗಳಿವೆ. ಮೊದಲ ವರ್ಷದವರು ಆರನೆಯದರ ಮುಂದೆ ನಿಂತು ಬಲಕ್ಕೆ ಕೈ ಹಾಕುತ್ತಾರೆ; ಅಲ್ಲಿ ಏನೂ ಸಿಗುವುದಿಲ್ಲ.

“ಎಡಕ್ಕಿದೆ ನೋಡ್ರೋ” ಎನ್ನುತ್ತಾರೆ ಮೇಷ್ಟ್ರು, ಕೂತಲ್ಲಿಂದಲೇ.