ಬೇಡ ಎಂದವಳಿಗೂ ಸ್ಟಿಕರ್

“ಮಾಡೇ ಪುಟ್ಟಾ, ಆಂಟಿ ಬೇಜಾರು ಮಾಡ್ಕೋತಾರೆ!”

ಹೀಗೆ ಹಲ್ಲು ಕಚ್ಚಿ ಪಿಸುಗುಟ್ಟುತ್ತಿದ್ದವಳು ನಾನೇ. ಜಾಗ, ಜರ್ಮನಿಯ ಹ್ಯಾನೋವರ್‌ನ ಒಂದು ಯೂನಿವರ್ಸಿಟಿ ಲ್ಯಾಬ್. ಪುಟ್ಟ ಅಂದರೆ ನನ್ನ ಆರು ವರ್ಷದ ಮಗಳು ಸಾನ್ವಿ.

ಸೋತಾಗ ಮಕ್ಕಳು ಏನು ಮಾಡುತ್ತಾರೆ ಎಂದು ತಿಳಿಯುವ ಸಂಶೋಧನೆಯಂತೆ. ಒಂದು ಪಝಲ್ ಕೊಡುತ್ತಾರೆ. ಅದರ ಒಂದು ತುಂಡನ್ನು ಬೇಕೆಂದೇ ತೆಗೆದಿಟ್ಟಿರುತ್ತಾರೆ. (ನನಗೆ ಮೊದಲೇ ಹೇಳಿದ್ದರು. ಧಾರಾಳವಾಗಿ ಒಪ್ಪಿದ್ದೆ. ಸೋಲಬೇಕಾದವಳು ನಾನಲ್ಲವಲ್ಲ!)

ಸಂಶೋಧನೆ ಮಾಡುತ್ತಿದ್ದವಳು ಲೇನಾ, ಇನ್ನೂ ಓದುತ್ತಿರುವ ಹುಡುಗಿ. ನಾನು ಹೂಂ ಅಂದಮೇಲೂ ನೆಲದ ಮೇಲೆ ಕೂತು, ಜರ್ಮನ್‌ನಲ್ಲಿ ಸಾನ್ವಿಯನ್ನೇ ಕೇಳಿದಳು: “ಆಡ್ತೀಯಾ? ಸಾಕು ಅನ್ನಿಸಿದ್ರೆ ಹೇಳು, ನಿಲ್ಲಿಸೋಣ.” ಅಯ್ಯೋ, ಮಕ್ಕಳನ್ನು ಹೀಗೂ ಕೇಳುತ್ತಾರಾ?

ಸಾನ್ವಿ ತುಂಡುಗಳನ್ನು ಹಾಗೆ ಹೀಗೆ ತಿರುಗಿಸಿ ನೋಡಿದಳು. ಮುಖ ಸಣ್ಣದಾಯಿತು. ಕೊನೆಗೆ “ನೈನ್” (ಜರ್ಮನ್‌ನಲ್ಲಿ ‘ಬೇಡ’) ಎಂದು ಕೈ ಕಟ್ಟಿಕೊಂಡಳು. ಬೇಡ ಅಂದರೆ ಬೇಡ! ನನಗೋ ಮಾನ ಹೋದ ಹಾಗಾಯಿತು. ಪಾಪ, ಆ ಹುಡುಗಿಯ ಥೀಸಿಸ್ ಗತಿ? ಪುಸಲಾಯಿಸಲು ಶುರು ಮಾಡಿದೆ. ಅದೂ ಯಾರಿಂದಲೂ ಆಗದ ಪಝಲ್ ಎಂದು ಗೊತ್ತಿದ್ದೂ!

ಲೇನಾಗೆ ಕನ್ನಡ ಬರುವುದಿಲ್ಲ. ಆದರೆ ಅಮ್ಮಂದಿರ ಪಿಸುಮಾತು ಯಾರಿಗೆ ಅರ್ಥವಾಗುವುದಿಲ್ಲ ಹೇಳಿ? “ಪ್ಲೀಸ್, ಒತ್ತಾಯ ಮಾಡ್ಬೇಡಿ. ಬೇಡ ಅಂದ್ಲಲ್ಲ, ಅಷ್ಟೇ ಸಾಕು” ಎಂದಳು. ಕ್ಯಾಮೆರಾ ಆಫ್ ಮಾಡಿದಳು. ಡ್ರಾಯರ್‌ನಿಂದ ಆ ತುಂಡು ತೆಗೆದು ಮಗಳ ಅಂಗೈಯಲ್ಲಿಟ್ಟಳು.

“ಇದನ್ನ ಎತ್ತಿಟ್ಟಿದ್ದು ನಾನು. ಇದಿಲ್ಲದೆ ಯಾರಿಗೂ ಆಗಲ್ಲ. ತಪ್ಪು ನಿನ್ನದಲ್ಲ. ಸಾರಿ.”

ಮಗಳು ಟಕ್ ಅಂತ ತುಂಡನ್ನು ಕೂರಿಸಿದಳು. “ಅಮ್ಮಾ, ನಾನು ದಡ್ಡಿ ಅಲ್ಲ!”

ಅಂದರೆ ಅಷ್ಟು ಹೊತ್ತೂ ಹಾಗಂದುಕೊಂಡೇ ಕೂತಿತ್ತು ಆ ಮಗು. ನನಗೆ ಕಣ್ಣು ತುಂಬಿ ಬಂತು. ಅರ್ಧಕ್ಕೇ ಬಿಟ್ಟವಳಿಗೂ ಡೈನೋಸಾರ್ ಸ್ಟಿಕರ್ ಸಿಕ್ಕಿತು. ಆ ಹುಡುಗಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆಯೇ. ನನ್ನ ಮಗಳನ್ನು ನನ್ನಿಂದಲೂ ಕಾಪಾಡಿದಳಲ್ಲ!

ಭಾನುವಾರ ಹುಬ್ಬಳ್ಳಿ ಕಡೆಯ ಗೆಳತಿ ಕುಟುಂಬಸಮೇತ ಊಟಕ್ಕೆ ಬಂದಳು. ನಮ್ಮ ಪದ್ಧತಿ ನಿಮಗೆ ಗೊತ್ತೇ ಇದೆ. ಕಾಫಿ ಲೋಟ ಕೆಳಗಿಡುವ ಮೊದಲೇ ಮಗುವಿನ ಪ್ರದರ್ಶನ ಆಗಬೇಕು.

“ಯವ್ವಾ, ಒಂದ್ ಹಾಡ ಹಾಡಬೇ, ಕೇಳೂಣು!” ಅಂದಳು ಗೆಳತಿ.

“ಹಾಡು ಪುಟ್ಟಾ” ಎಂಬುದು ನನ್ನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. “ಹಾಡ್ತೀಯಾ? ಬೇಡ ಅಂದ್ರೂ ಪರವಾಗಿಲ್ಲ” ಎಂದೆ.

ಸಾನ್ವಿ ನನ್ನ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು:

“ಅಮ್ಮಾ, ಮನೇಲೂ ನೈನ್ ಅನ್ನಬಹುದಾ?”