ಬೆಂಗಳೂರಿಗೆ ಐವತ್ತೇ ನಿಮಿಷ

ಚೆನ್ನೈಯಿಂದ ಬೆಂಗಳೂರಿಗೆ ವಿಮಾನದಲ್ಲಿ ಐವತ್ತೇ ನಿಮಿಷ ಎಂದು ಬ್ಯಾಂಕಿನಲ್ಲಿ, ಮನೆಯಲ್ಲಿ, ಕೊನೆಗೆ ಹಾಲಿನವನ ಹತ್ತಿರವೂ ಕೊಚ್ಚಿಕೊಂಡಿದ್ದೆ. ನಾನು ವಿಮಾನ ಹತ್ತುತ್ತಿದ್ದುದು ಅದೇ ಮೊದಲು. ಶುಕ್ರವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ಅಕ್ಕನ ಮಗಳ ಮದುವೆ. ಹತ್ತೂವರೆಗೆ ರಾಹುಕಾಲ, ಅಷ್ಟರೊಳಗೆ ಧಾರೆ. ಹುಡುಗಿಯನ್ನು ಮಂಟಪಕ್ಕೆ ಎತ್ತಿಕೊಂಡು ಬರಬೇಕಾದವನು ಸೋದರಮಾವ, ಅವಳಿಗಿರುವವನು ನಾನೊಬ್ಬನೇ. ನನಗೆ ಸಿಕ್ಕ ರಜೆಯೂ ಒಂದೇ ದಿನ.

ಹೆಂಡತಿ ಮಕ್ಕಳು ರೈಲಿನಲ್ಲಿ ಮುಂಚೆಯೇ ಹೋಗಿದ್ದರು. ವೆಸ್ಟ್ ಮಾಂಬಲಂ ಮನೆಯಲ್ಲಿ ಉಳಿದದ್ದು ನಾನು ಮತ್ತು ಹೆಂಡತಿಯ ತಾಯಿ. "ಶುಕ್ರವಾರ ಪಶ್ಚಿಮಕ್ಕೆ ಶೂಲೆ, ಪ್ರಯಾಣ ಮಾಡ್ಬಾರ್ದು," ಎಂದರು ಅವರು. ಅದಕ್ಕೆ ಪರಿಹಾರವೂ ಅವರ ಬಳಿಯೇ ಇತ್ತು. ಗುರುವಾರ ಸಂಜೆ ನನ್ನ ಬ್ಯಾಗನ್ನು ಎದುರುಮನೆ ಮಾಮಿಯ ಮನೆಯಲ್ಲಿಟ್ಟು ಬಂದರು. ಬ್ಯಾಗು ಹೊರಟರೆ ನಾನೂ ಹೊರಟ ಲೆಕ್ಕ. ನಮ್ಮಲ್ಲಿ ಇದಕ್ಕೆ ಪ್ರಸ್ಥಾನ ಎನ್ನುತ್ತಾರೆ.

ಬೆಳಿಗ್ಗೆ ಐದಕ್ಕೆ ನೋಡಿದರೆ ಮಾಮಿಯ ಮನೆಗೆ ಬೀಗ. ಟಿಕೆಟ್ಟು ಬ್ಯಾಗಿನಲ್ಲಿ.

"ಇವತ್ತು ಕೃತ್ತಿಕೆ ಅಲ್ವಾ, ವಡಪಳನಿ ಕೋವಿಲಿಗೆ ಹೋಗಿರ್ತಾರೆ," ಎಂದರು ಅತ್ತೆ, ತಣ್ಣಗೆ.

ಆಟೋ ಹಿಡಿದು ಓಡಿದೆ. ದೇವಸ್ಥಾನದ ಸಾಲಿನಲ್ಲಿ ಅರ್ಧ ಊರೇ ನಿಂತಿತ್ತು. ಹುಡುಕಿ ಹುಡುಕಿ ಮಾಮಿ ಸಿಕ್ಕಾಗ, "ಐಯೋ, ಮರಂದೇ ಪೋಯಿಟ್ಟೇನ್ ಪಾ," ಎಂದು ಮರೆತದ್ದಕ್ಕೆ ಪೇಚಾಡುತ್ತಾ ಸೊಂಟದಿಂದ ಕೀಲಿ ತೆಗೆದುಕೊಟ್ಟರು. ಮನೆಗೆ ಬಂದು, ಬ್ಯಾಗು ತೆಗೆದು, ಏರ್‌ಪೋರ್ಟ್ ಮುಟ್ಟುವಷ್ಟರಲ್ಲಿ ಏಳರ ವಿಮಾನ ಹಾರಿಹೋಗಿತ್ತು. ಕೌಂಟರಿನ ಹೆಣ್ಣುಮಗಳಿಗೆ ನನ್ನ ಮುಖ ನೋಡಿ ಏನನ್ನಿಸಿತೋ, ಎಂಟೂವರೆಯದಕ್ಕೆ ಸೀಟು ಕೊಟ್ಟಳು. ಐವತ್ತು ನಿಮಿಷವೂ ಗಡಿಯಾರ ನೋಡುತ್ತಲೇ ಕೂತಿದ್ದೆ. ತಿಂಡಿ ಕೊಟ್ಟರು, ಏನು ತಿಂದೆನೋ ನೆನಪಿಲ್ಲ.

ಛತ್ರ ಸೇರಿದಾಗ ಹತ್ತು ಗಂಟೆ ಐದು ನಿಮಿಷ. ಪುರೋಹಿತರು ಹೆಣ್ಣನ್ನು ಕರೆತನ್ನಿ ಎಂದು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದರು. ಭಾವನ ಕಡೆಯವರೊಬ್ಬರು ನನ್ನ ಬದಲಿಗೆ ಪಂಚೆ ಬಿಗಿದು ಸಿದ್ಧರಾಗಿದ್ದರು. ಹುಡುಗಿ ಮಾತ್ರ ಗೌರಿಯ ಮುಂದಿನಿಂದ ಏಳದೆ ಕೂತಿದ್ದಳು.

"ಮಾವ ಬರದೆ ಏಳಲ್ಲ ಅಂತಾಳೆ ಕಣೋ," ಎಂದಳು ಅಕ್ಕ. ಬೈಯುವಷ್ಟು ಸಿಟ್ಟಿದ್ದರೂ ಬೈಯಲಿಲ್ಲ.

ಮೂರು ವರ್ಷದಿಂದ ಆ ಹುಡುಗಿಯ ಮುಖ ನೋಡಿರಲಿಲ್ಲ ನಾನು. ಹತ್ತಿರದ ಊರು, ಯಾವಾಗ ಬೇಕಾದರೂ ಹೋಗಬಹುದು ಅಂದುಕೊಂಡೇ ಹೋಗದೆ ಉಳಿದಿದ್ದೆ. ನನಗೆ ನಿಜವಾಗಿ ನಾಚಿಕೆಯಾಯಿತು. ಅವಳನ್ನು ಎತ್ತಿಕೊಂಡೆ, ಸೊಂಟ ಹಿಡಿದುಕೊಂಡಿತು, ಆದರೂ ಇಳಿಸಲಿಲ್ಲ.

"ಸಂಜೆ ವಿಮಾನಕ್ಕೇ ಹೊರಟುಬಿಡ್ತೀರಾ ಮಾವ?" ಎಂದು ಕಿವಿಯಲ್ಲಿ ಕೇಳಿದಳು.

ಐದೂವರೆಯ ಟಿಕೆಟ್ಟು ಜೇಬಿನಲ್ಲೇ ಇತ್ತು.

"ಇಲ್ಲಮ್ಮ, ಭಾನುವಾರ ರಾತ್ರಿ ರೈಲಿಗೆ," ಎಂದೆ.