ಮುಗಿಯದ ರೀಲು

ನಮ್ಮ ಮನೆಗೆ ಬಂದವರು ಮೊದಲು ಕೇಳುವ ಪ್ರಶ್ನೆ, "ಇವು ಎಲ್ಲಾ ಚಾಲೂ ಅವ ಏನ್ರೀ?" ಬೇರೆಯವರು ಪಿಂಗಾಣಿ ಕಪ್ಪು-ಬಸಿ ಜೋಡಿಸಿಡುವ ಗಾಜಿನ ಕಪಾಟಿನಲ್ಲಿ ನನ್ನ ರೀಲ್ ಕ್ಯಾಮೆರಾಗಳು ಸಾಲಾಗಿ ಕೂತಿವೆ. ಕೆಲವು ಚಾಲೂ ಇವೆ, ಕೆಲವು ಇಲ್ಲ ಎಂದರೆ ಎರಡನೇ ಪ್ರಶ್ನೆ ತಯಾರಿರುತ್ತದೆ. "ಮತ್ತ ಕೆಟ್ಟಿದ್ದು ಯಾಕ ಇಟ್ಕೊಂಡೀರಿ?" ಇದಕ್ಕೆ ನನ್ನ ಗಂಡ ಉತ್ತರ ಕೊಡುತ್ತಾರೆ. "ನನ್ನೂ ಇಟ್ಕೊಂಡಾಳಲ್ರೀ," ಎನ್ನುತ್ತಾರೆ. ಬಂದವರು ನಗುತ್ತಾರೆ, ನಾನು ಚಹಾ ತರಲು ಒಳಗೆ ಹೋಗುತ್ತೇನೆ.

ನಾನು ಕಲಬುರಗಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಪರೀಕ್ಷೆಗೆ ಬರುವುದನ್ನಷ್ಟೇ ಹೇಳಿ ಎನ್ನುವ ಮಕ್ಕಳಿಗೆ ಹೇಳಿ ಹೇಳಿ ಸಾಕಾಗಿದೆ. ಬೆಳ್ಳಿಯ ಲವಣದ ಮೇಲೆ ಬೆಳಕು ಬಿದ್ದರೆ ಏನಾಗುತ್ತದೆಂದು ತೋರಿಸಲು ಒಮ್ಮೆ ಕ್ಯಾಮೆರಾವನ್ನೇ ತರಗತಿಗೆ ಒಯ್ದಿದ್ದೆ. ಒಂದು ಫೋಟೊ ತೆಗೆದದ್ದೇ ತಡ, ಹುಡುಗಿಯೊಬ್ಬಳು ಓಡಿ ಬಂದು ಕ್ಯಾಮೆರಾದ ಬೆನ್ನು ತಿರುಗಿಸಿ ನೋಡಿದಳು. ಅಲ್ಲಿ ಕರೀ ರೆಕ್ಸಿನ್ ಬಿಟ್ಟರೆ ಏನೂ ಇರಲಿಲ್ಲ. "ಎಲ್ಲಿ ಬಂತ್ರೀ ಮ್ಯಾಮ್?" ಎಂದಳು. ಹದಿನೈದು ದಿನ ಬಿಟ್ಟು ಬಾ, ತೋರಿಸುತ್ತೇನೆ ಎಂದೆ. ಬರಲಿಲ್ಲ. ನನಗೂ ಬರುತ್ತಾಳೆಂಬ ಭರವಸೆ ಇರಲಿಲ್ಲ ಬಿಡಿ.

ಈ ಹವ್ಯಾಸಕ್ಕೆ ನಮ್ಮೂರು ಹೇಳಿ ಮಾಡಿಸಿದ್ದಲ್ಲ. ಬೇರೆ ಊರುಗಳಲ್ಲಿ ಲೆನ್ಸಿಗೆ ಬೂಸಲು ಹಿಡಿಯುತ್ತದಂತೆ. ನಮ್ಮ ಬಿಸಿಲಿಗೆ ಬೂಸಲೂ ಬದುಕುವುದಿಲ್ಲ, ಆದರೆ ಒಳಗಿನ ಗ್ರೀಸು ಕರಗಿ ಹರಿದು ಶಟರಿನ ರೆಕ್ಕೆಗಳಿಗೆ ಅಂಟಿಕೊಳ್ಳುತ್ತದೆ. ಒಂದು ಬೇಸಿಗೆ ಕಳೆದರೆ ಕಪಾಟಿನಲ್ಲಿ ಒಂದು ಕ್ಯಾಮೆರಾ ಸತ್ತಿರುತ್ತದೆ. ರಿಪೇರಿ ಮಾಡುವವರು ಇಲ್ಲ. ಮೊದಲು ಫೋಟೊ ಸ್ಟುಡಿಯೊ ಇದ್ದಲ್ಲೆಲ್ಲ ಈಗ ಫ್ಲೆಕ್ಸ್ ಪ್ರಿಂಟ್ ಮಾಡುತ್ತಾರೆ. ರೀಲು ಕೊರಿಯರಿನಲ್ಲಿ ಬರಬೇಕು, ಅದೂ ಡಬ್ಬಿ ಬಿಸಿಯಾಗಿಯೇ ಕೈಸೇರುತ್ತದೆ. ಇಷ್ಟಾದರೂ ಬಿಟ್ಟಿಲ್ಲ. ಯಾಕೆಂದರೆ ಗುಂಡಿ ಒತ್ತಿದ್ದಕ್ಕೂ ಚಿತ್ರ ನೋಡುವುದಕ್ಕೂ ನಡುವೆ ಕೆಲವು ದಿನ ಇರುತ್ತವಲ್ಲ, ಆ ದಿನಗಳಲ್ಲಿ ಏನೋ ಒಂದು ಚೆನ್ನಾಗಿ ಬಂದಿರಬಹುದು ಎಂಬ ಆಸೆ ಇರುತ್ತದೆ. ನನ್ನ ವಯಸ್ಸಿನವರಿಗೆ ಅಂಥ ಆಸೆ ಬೇರೆ ಎಲ್ಲಿ ಸಿಗುತ್ತದೆ?

ರೀಲನ್ನು ಮನೆಯ ಬಚ್ಚಲಿನಲ್ಲಿಯೇ ತೊಳೆಯುತ್ತೇನೆ. ಡೆವಲಪ್ ಮಾಡುವುದಕ್ಕೆ ಇಲ್ಲಿಯ ಮಂದಿ ತೊಳೆಯುವುದು ಎಂದೇ ಹೇಳುತ್ತಾರೆ. ಬಾಗಿಲ ಸಂದಿಗೆ ಕಂಬಳಿ ತುರುಕಿ, ಕತ್ತಲೆಯಲ್ಲಿ ರೀಲು ಬಿಚ್ಚಿ ಡಬ್ಬಿಗೆ ಸುತ್ತಿ, ಔಷಧಿ ಹಾಕಿ ಅಲ್ಲಾಡಿಸಬೇಕು. ನಲ್ಲಿಯ ನೀರು ಇದಕ್ಕೆ ನಡೆಯುವುದಿಲ್ಲ. ಮಾಳಿಗೆಯ ಟಾಕಿಯಲ್ಲಿ ಕಾದು ಬಂದ ಆ ನೀರು ತಗುಲಿದರೆ ಫಿಲ್ಮಿನ ಪದರ ಹಾಲಿನ ಕೆನೆಯಂತೆ ಕಿತ್ತು ಬರುತ್ತದೆ. ಹಾಗಾಗಿ ಬೇಸಿಗೆಯಲ್ಲಿ ನೀರು ತಣಿಸಲು ಬಕೆಟ್ಟಿಗೆ ಬರ್ಫ್, ಎಂದರೆ ಮಂಜುಗಡ್ಡೆ, ತರಿಸುತ್ತೇನೆ. "ಮಂದಿ ಬರ್ಫ್ ತಂದು ಶರಬತ್ ಮಾಡ್ತಾರ," ಎಂದು ಗಂಡ ಗೊಣಗುತ್ತಾರೆ.

ಕಳೆದ ಬೇಸಿಗೆಯಲ್ಲಿ ಒಂದು ಫೋನ್ ಬಂತು. ನೆಹರು ಗಂಜಿನಲ್ಲಿ ನಾನು ಹಳೆಯ ಕ್ಯಾಮೆರಾ ಹುಡುಕಿಕೊಂಡು ಹೋಗುವ ಗುಜರಿ ಅಂಗಡಿಯವರು ನನ್ನ ನಂಬರ್ ಕೊಟ್ಟಿದ್ದರು. ಮಾತಾಡಿದವರು ಕಮಲಾಪುರದ ಉರ್ದು ಶಾಲೆಯ ಒಬ್ಬ ನಿವೃತ್ತ ಮಾಸ್ತರು.

"ಅಕ್ಕೋರೇ, ನೀವು ರೀಲ್ ತೊಳಿತೀರಂತಲ್ರೀ?"

"ಹೌದ್ರಿ. ನಂದಷ್ಟೇ ತೊಳಕೋತೀನಿ."

"ನೀವು ಹೆಣ್ಮಕ್ಕಳೇ ತೊಳಿತೀರಲ್ಲ? ಮನ್ಯಾಗ ಗಂಡಸರು ಕೈ ಹಚ್ಚಂಗಿಲ್ಲಲ್ಲ?"

ನನಗೆ ಸಿಟ್ಟು ಬಂತು. ಇದೇನು ಮಡಿಯ ಅಡುಗೆಯೇ, ಇಂಥವರೇ ಮುಟ್ಟಬೇಕು ಎನ್ನಲು? ನಮ್ಮ ಮನೆಯ ಗಂಡಸು ಟಿವಿಯ ರಿಮೋಟ್ ಬಿಟ್ಟು ಮತ್ತೇನನ್ನೂ ಮುಟ್ಟುವುದಿಲ್ಲ ಎಂದು ಹೇಳಿ ಫೋನ್ ಇಡಬೇಕೆಂದಿದ್ದೆ. ಆದರೆ ಆ ದನಿಯಲ್ಲಿ ಒಂದು ಅವಸರವಿತ್ತು, ಆಸ್ಪತ್ರೆಯಲ್ಲಿ ಡಾಕ್ಟರು ಸಿಗುತ್ತಾರೋ ಇಲ್ಲವೋ ಎಂದು ಕೇಳುವವರ ಅವಸರ. ಮುಂದಿನ ರವಿವಾರ ಹುಮನಾಬಾದ್ ಕಡೆಯ ಬಸ್ಸು ಹತ್ತಿದೆ.

ಮಾಸ್ತರರ ಮನೆ ಬಸ್ ಸ್ಟ್ಯಾಂಡಿನ ಹಿಂದೆಯೇ ಇತ್ತು. ಒಳಕೋಣೆಯ ಪರದೆಯ ಹಿಂದಿನಿಂದ ಒಂದು ಬಳೆಯ ಕೈ ಚಹಾದ ತಾಟು ಕೊಟ್ಟಿತು. ಮಾಸ್ತರರು ತಾಟು ಇಳಿಸಿ, ಟ್ರಂಕಿನಿಂದ ಒಂದು ಗಂಟು ತೆಗೆದರು. ಹಸಿರು ರೇಶ್ಮೆ ಚೌಕ, ಅದರೊಳಗೆ ಅತ್ತರಿನ ವಾಸನೆಯ ಹತ್ತಿ, ಹತ್ತಿಯೊಳಗೆ ಒಂದು ರೀಲು. ಕಪ್ಪು-ಬಿಳುಪಿನದು, ಮೂವತ್ತಾರು ಚಿತ್ರದ್ದು. ಹೊರಗೆ ಚಾಚಿರಬೇಕಾದ ನಾಲಿಗೆಯೂ ಒಳಗೆ ಸುತ್ತಿಕೊಂಡಿತ್ತು, ಎಂದರೆ ತೆಗೆದು ಮುಗಿಸಿದ ರೀಲು.

"ನನ್ನ ಮೊದಲನೇ ಹೆಂಡತಿದು ಇದರಾಗ ಅದ," ಎಂದರು.

ಅವರು ಹೇಳಿದ್ದು ಇಷ್ಟು. ಮದುವೆಯಲ್ಲಿ ಹೆಣ್ಣಿನ ಕಡೆಯವರು ಫೋಟೊ ಬೇಡವೆಂದಿದ್ದರು. ಮರುವರ್ಷ ಅವಳ ಅಣ್ಣ ಹೈದರಾಬಾದಿನಿಂದ ಕ್ಯಾಮೆರಾ ತಂದು ಕೆಲವು ದಿನ ಬಿಟ್ಟುಹೋದ. ಹೆಂಡತಿ ಕೂರಲು ಒಪ್ಪಿದಳು, ಆದರೆ ಒಂದು ಶರತ್ತು ಹಾಕಿದಳು. "ಪರಾಯೇ ಮರ್ದಾಂ ಕೇ ಹಾತ್ ಮೇ ನಕ್ಕೋ ದೇವ್" ಎಂದಳು. ಪರಗಂಡಸರ ಕೈಗೆ ತನ್ನ ಮುಖ ಹೋಗಬಾರದು. ಆಗ ಸ್ಟುಡಿಯೊಗಳಲ್ಲಿ ತೊಳೆಯುವವರೆಲ್ಲ ಗಂಡಸರೇ. ತೊಳೆಯುವ ಹೆಂಗಸು ಎಲ್ಲಾದರೂ ಸಿಕ್ಕಾಳು ಎಂದು ಮಾಸ್ತರರು ರೀಲನ್ನು ಕಟ್ಟಿಟ್ಟರು. ಅಷ್ಟರಲ್ಲಿ ಹೆರಿಗೆಯಲ್ಲಿ ಅವಳು ತೀರಿಕೊಂಡಳು. ಮಗುವೂ ಉಳಿಯಲಿಲ್ಲ. ಶರತ್ತು ಮಾತ್ರ ಉಳಿಯಿತು. ಆಧಾರ್ ಕಾರ್ಡಿಗೂ ರೇಶನ್ ಕಾರ್ಡಿಗೂ ಮುಖ ಹಿಡಿಸಿಕೊಳ್ಳುವ ಕಾಲ ಬರುವ ಎಷ್ಟೋ ಮೊದಲೇ ಹೋದ ಹೆಣ್ಣು ಅದು.

"ಇಷ್ಟ್ ವರ್ಷ ಸುಮ್ನಿದ್ದು ಈಗ್ಯಾಕ್ರೀ ಮಾಸ್ತರ್ರೇ?" ಎಂದು ಕೇಳಿದೆ.

ಅವರು ಪರದೆಯ ಕಡೆ ಒಮ್ಮೆ ನೋಡಿ ದನಿ ಇಳಿಸಿದರು. "ಮಾರಿ ನೆಪ್ಪಿಗಿ ಬರವಲ್ದ್ರೀ. ದನಿ ಅದ, ಕೈ ಅದ, ನಡಿಗಿ ಸುದ್ದಾ ನೆಪ್ಪದ. ಮಾರಿ ಹೋಗೇದ. ಗಲ್ಲದ ಮ್ಯಾಲ ಒಂದು ಮಚ್ಚಿ ಇತ್ತು. ನಿನ್ನಿ ಎಡಕ ಇತ್ತು ಅನಸ್ತದ, ಇವತ್ತ ಬಲಕ ಇತ್ತು ಅನಸ್ತದ. ಯಾರಿಗಿ ಕೇಳ್ಲಿ? ಆಕಿನ್ನ ನೋಡಿದೋರೆಲ್ಲ ಹೋಗ್ಯಾರ."

ಪರದೆಯ ಹಿಂದಿನಿಂದ ಈಗಿನ ಹೆಂಡತಿಯ ದನಿ ಕೇಳಿತು. "ಆಪಾಕೋ ಮೈಂ ಭೀ ದೇಖ್ನಾ ಜೀ." ಅಕ್ಕನನ್ನು ನಾನೂ ನೋಡಬೇಕು ಎಂದು. ಸತ್ತ ಸವತಿಯನ್ನು ಅಕ್ಕ ಎಂದು ಕರೆಯುವ ಆ ದನಿ ಕೇಳಿ ನನ್ನ ಹಳೆಯ ಸಿಟ್ಟೆಲ್ಲ ಇಳಿಯಿತು. ಹಳೆಯ ರೀಲು, ಎಲ್ಲ ಬರದಿದ್ದರೂ ಒಂದೆರಡಾದರೂ ಬಂದೇ ಬರುತ್ತವೆ ಎಂದು ನಾನೇ ಮುಂದಾಗಿ ಹೇಳಿದೆ. ಮನಸ್ಸಿನಲ್ಲಿ ಆಗಲೇ ಔಷಧಿಯ ಪ್ರಮಾಣ ಹಾಕುತ್ತಿದ್ದೆ. ಇಷ್ಟು ವರ್ಷದ ನನ್ನ ಈ ಹುಚ್ಚಾಟ ಇದಕ್ಕಾಗಿಯೇ ಇತ್ತೇನೋ ಎಂದು ಕೂಡ ಅನಿಸಿತು. ಎಂಥ ಹುಚ್ಚಿ ನಾನು.

ಧೈರ್ಯ ಬಂದು ಮಾಸ್ತರರು ನಕ್ಕರು. ಆ ದಿನದ ಕಥೆ ಹೇಳತೊಡಗಿದರು. ಅಂಗಳದಲ್ಲಿ ಮಂಚ ಹಾಕಿ ಅವಳನ್ನು ಕೂರಿಸಿದ್ದರು. ರೀಲು ಹಾಕಿದ್ದು ಅವರೇ, ಅದೇ ಮೊದಲು, ಅದೇ ಕೊನೆ. ಅವಳು ನಗು ತಡೆಯಲಾರದೆ ಸೆರಗಿನಲ್ಲಿ ಬಾಯಿ ಮುಚ್ಚುವಳು, ಇವರು ಗದರುವರು, ಮತ್ತೆ ಒತ್ತುವರು.

"ಒಂದು ಖುಷಿ ಹೇಳ್ತೀನ್ರಿ ಅಕ್ಕೋರೇ. ಮೂವತ್ತಾರ್ ಬರ್ತಾವ ಅಂತ ಆಕಿ ಅಣ್ಣ ಹೇಳಿದ್ದ. ಮೂವತ್ತಾರ್ ಆದ್ವು, ನಲವತ್ತಾದ್ವು, ರೀಲ್ ಮುಗೀಲೇ ಇಲ್ರಿ! ಬೆಣ್ಣಿಗತೆ ತಿರಗಾಕತ್ತಿತ್ತು. ಬಿಸಲ್ ಹೋತು ಅಂತ ನಾವೇ ನಿಂದರಿಸಿದಿವಿ. 'ತುಮ್ಹಾರೇ ಹಾತ್ ಮೇ ಬರಕತ್ ಹೈ' ಅಂದ್ಳು ಆಕಿ. ನನ್ನ ಕೈಯಾಗ ಬರಕತ್ ಅದ, ಮುಟ್ಟಿದ್ದು ತೀರಂಗಿಲ್ಲ ಅಂತ."

ಚಹಾದ ಬಸಿ ನನ್ನ ಕೈಯಲ್ಲಿಯೇ ಇತ್ತು. ಅದನ್ನು ಕೆಳಗಿಟ್ಟೆ.

ರೀಲ್ ಕ್ಯಾಮೆರಾ ಬಳಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಫಿಲ್ಮಿನ ಅಂಚಿಗೆ ತೂತುಗಳಿರುತ್ತವೆ, ಕ್ಯಾಮೆರಾದೊಳಗಿನ ಗಾಲಿಗೆ ಹಲ್ಲುಗಳಿರುತ್ತವೆ. ರೀಲು ಹಾಕುವಾಗ ಅದರ ನಾಲಿಗೆಯನ್ನು ಎಳೆದು ಹಲ್ಲಿಗೆ ಸಿಕ್ಕಿಸಿ, ಗಟ್ಟಿಯಾಗಿ ಹಿಡಿಯಿತೋ ಇಲ್ಲವೋ ನೋಡಿ, ಆಮೇಲೆ ಮುಚ್ಚಳ ಮುಚ್ಚಬೇಕು. ಹಿಡಿಯದಿದ್ದರೂ ರೀಲು ಮುಂದೆ ಸರಿಸುವ ಮೇಲಿನ ಕೀಲಿ ತಿರುಗುತ್ತದೆ, ಶಟರು ಟಕ್ ಎನ್ನುತ್ತದೆ, ಎಲ್ಲವೂ ಸರಿಯಾಗಿಯೇ ಕೇಳಿಸುತ್ತದೆ. ಫಿಲ್ಮು ಮಾತ್ರ ತನ್ನ ಡಬ್ಬಿಯಲ್ಲಿ ಸುಮ್ಮನೆ ಕೂತಿರುತ್ತದೆ. ಕೊನೆಗೆ ಹಿಂದಕ್ಕೆ ಸುತ್ತಿದಾಗ ನಾಲಿಗೆಯೂ ಒಳಗೆ ಹೋಗಿ, ತೆಗೆದು ಮುಗಿಸಿದ ರೀಲಿನಂತೆಯೇ ಕಾಣುತ್ತದೆ. ಮೂವತ್ತಾರರ ರೀಲು ಮೂವತ್ತಾರು ಕೊಡುತ್ತದೆ, ಬಹಳವೆಂದರೆ ಒಂದೆರಡು ಹೆಚ್ಚು, ಆಮೇಲೆ ಕೀಲಿ ಕಲ್ಲಿನಂತೆ ನಿಂತುಬಿಡುತ್ತದೆ. ಮುಗಿಯದ ರೀಲು ಎಂದರೆ ಶುರುವೇ ಆಗದ ರೀಲು.

ಹೇಳಬೇಕಿತ್ತೇ? ಹೇಗೆ ಹೇಳುವುದು? ಪರದೆಯ ಹಿಂದೆ ಆಕೆ, ಎದುರಿಗೆ ಇವರು, ನಡುವೆ ಹಸಿರು ಚೌಕ. ಅಷ್ಟು ಹಳೆಯ ಮಾತು, ಲೆಕ್ಕ ತಪ್ಪಿ ನೆನಪಿರಬಹುದು ಎಂದು ನನಗೆ ನಾನೇ ಹೇಳಿಕೊಂಡು ರೀಲನ್ನು ಚೀಲಕ್ಕೆ ಹಾಕಿಕೊಂಡೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನು ಬಿಸಿಲಿನ ಕಡೆಯಿಂದ ನೆರಳಿನ ಕಡೆಗೆ ಬದಲಾಯಿಸುತ್ತಲೇ ಇದ್ದೆ, ಒಳಗೆ ಏನೋ ಇದೆ ಎಂಬಂತೆ.

ಬಹಳ ದಿನ ಅದನ್ನು ಮುಟ್ಟಲಿಲ್ಲ. ಫ್ರಿಜ್ಜಿನಲ್ಲಿ ಹುಣಸೆಹಣ್ಣಿನ ಡಬ್ಬಿಯ ಪಕ್ಕ ಇಟ್ಟಿದ್ದೆ. ತೊಳೆಯದೆ ಇರುವವರೆಗೆ ಅವಳು ಅದರೊಳಗೆ ಇದ್ದಾಳೆ, ತೊಳೆದರೆ ಹೋಗುತ್ತಾಳೆ. ಮಾಸ್ತರರು ಫೋನ್ ಮಾಡುತ್ತಿದ್ದರು. ಅವಸರ ಇಲ್ರಿ, ಸುಮ್ನೆ ಕೇಳಿದೆ ಎನ್ನುತ್ತಿದ್ದರು. ಕೊನೆಗೆ ಒಂದು ಮಧ್ಯಾಹ್ನ ಬರ್ಫ್ ತರಿಸಿದೆ. ಶರತ್ತಿನ ವಿಷಯ ಕೇಳಿದ ಮೇಲೆ ನನ್ನ ಗಂಡ ಗೊಣಗಾಟ ನಿಲ್ಲಿಸಿದ್ದರು. ಬಚ್ಚಲಿನ ಕಡೆ ಹೋಗಬೇಕಾದಾಗ ಕಣ್ಣಿಗೆ ಟವೆಲ್ ಅಡ್ಡ ಹಿಡಿದು, "ನಾ ಏನೂ ನೋಡಿಲ್ಲವಾ, ನಾ ಏನೂ ನೋಡಿಲ್ಲ," ಎನ್ನುತ್ತ ದಾಟುತ್ತಿದ್ದರು. ಬೇರೆ ದಿನವಾದರೆ ನಗುತ್ತಿದ್ದೆ.

ಔಷಧಿ ಹಾಕಿ, ಹೊತ್ತು ಎಣಿಸುತ್ತ ಅಲ್ಲಾಡಿಸಿದೆ. ಡಬ್ಬಿ ತೆರೆದು ಫಿಲ್ಮನ್ನು ಬಚ್ಚಲಿನ ಬಲ್ಬಿಗೆ ಹಿಡಿದೆ. ಉದ್ದಕ್ಕೂ ಒಂದೇ ಸಮನಾದ ತೆಳು ಬೂದು ಬಣ್ಣ. ಬಿಸಿಲು, ವಯಸ್ಸು ತಿಂದ ರೀಲಾಗಿದ್ದರೆ ಎಷ್ಟೇ ಮಸುಕಾದರೂ ಚಿತ್ರದ ಚೌಕಗಳ ಗೆರೆ ಉಳಿಯುತ್ತದೆ. ಇಲ್ಲಿ ಗೆರೆಯೇ ಇಲ್ಲ. ಅಂಚಿನಲ್ಲಿ ಕಂಪನಿ ಮೊದಲೇ ಅಚ್ಚು ಹಾಕಿದ ಅಂಕಿಗಳು ಮಾತ್ರ, ಒಂದರಿಂದ ಮೂವತ್ತಾರು. ಆ ಅಂಗಳದ ಬೆಳಕು ಇದರ ಮೇಲೆ ಬಿದ್ದೇ ಇರಲಿಲ್ಲ. ಗೊತ್ತಿತ್ತು. ಗೊತ್ತಿದ್ದೂ ಬಚ್ಚಲಿನ ಮಣೆಯ ಮೇಲೆ ಕೂತು ಅತ್ತೆ.

ಮತ್ತೆ ಕಮಲಾಪುರಕ್ಕೆ ಹೋದೆ. ಫೋನಿನಲ್ಲಿ ಹೇಳುವ ಸುದ್ದಿಯಲ್ಲ ಅದು. ಮಾಸ್ತರರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲಿಯೇ ನಿಂತಿದ್ದರು. ಗೋಡೆಗೆ ಹೊಸ ಮೊಳೆ ಹೊಡೆದಿತ್ತು. ಅದರ ಕಡೆ ನೋಡದೆ ಚೀಲದಿಂದ ಫಿಲ್ಮು ತೆಗೆದೆ.

"ಬಿಸಲಿಗಿ ಕೆಟ್ಟದ್ರಿ ಮಾಸ್ತರ್ರೇ," ಎಂದೆ. "ಇಷ್ಟ್ ವರ್ಷ ಟ್ರಂಕಿನ್ಯಾಗ ಕಾದು ಕಾದು ಎಲ್ಲಾ ಹೋಗೇದ. ಒಂದೂ ಬಂದಿಲ್ಲ."

ಅವರು ಫಿಲ್ಮನ್ನು ಕೈಗೆ ತೆಗೆದುಕೊಂಡು ಕಿಟಕಿಗೆ ಹಿಡಿದರು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನಕ್ಕೆ ಸರಿಸಿದರು. "ನಂಬರ್ ಬಂದಾವಲ್ರೀ," ಎಂದರು. ಅವು ಕಂಪನಿಯವು ಎಂದೆ. "ಚೌಕದಾಗ ಕಟ್ಟಿಡಬಾರದಿತ್ತೇನು? ಹತ್ತಿ ಹಚ್ಚಿದ್ದಕ್ಕ ಕಾದಿರಬೇಕು," ಎಂದು ತಮ್ಮನ್ನೇ ಕೇಳಿಕೊಂಡರು. ಇಲ್ರಿ, ನಿಮ್ಮಿಂದೇನೂ ತಪ್ಪಾಗಿಲ್ಲ, ನಮ್ಮ ಕಡೆ ಬಿಸಿಲೇ ಹಾಗೆ ಎಂದೆ. ಆ ದಿನದ ಬರಕತ್ತನ್ನು ಅವರಿಂದ ಕಿತ್ತುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಪರದೆ ಒಮ್ಮೆ ಅಲುಗಾಡಿತು.

ಬಸ್ ಸ್ಟ್ಯಾಂಡಿನವರೆಗೆ ಬಂದರು. ಬೇಡವೆಂದರೂ ಕೇಳದೆ ಆ ಊರಿನ ಕೆಂಪು ಬಾಳೆಹಣ್ಣಿನ ಒಂದು ಚಿಪ್ಪನ್ನು ನನ್ನ ಚೀಲಕ್ಕೆ ಹಾಕಿದರು. ನಾನು ಬಸ್ಸು ಹತ್ತಿ ಕೂತ ಮೇಲೂ ಹೋಗದೆ ಕಿಟಕಿಯ ಕೆಳಗೆ ನಿಂತರು. ಏನೋ ಕೇಳಬೇಕಿತ್ತು ಅವರಿಗೆ. ಕಂಡಕ್ಟರ್ ಸೀಟಿ ಊದಿದ ಮೇಲೆ ಕೇಳಿದರು.

"ಅಕ್ಕೋರೇ, ತೊಳಿಯಾಕ ಹತ್ತಿದಾಗ ನಿಮಗ ಒಂದ್ ಸ್ವಲ್ಪರೇ ಕಂಡಿರಬೇಕಲ್ರೀ? ಅಳಸೂಕಿಂತ ಮೊದ್ಲ? ಮಚ್ಚಿ ಯಾವ ಕಡಿಗಿತ್ತು?"

ಎಡಕ್ಕೆ ಎಂದುಬಿಡಬಹುದಿತ್ತು. ಬಲಕ್ಕೆ ಎಂದರೂ ನಡೆಯುತ್ತಿತ್ತು. ಬಿಸಿಲಿನ ಸುಳ್ಳು ಹೇಳಿದ ಬಾಯಿಗೆ ಇನ್ನೊಂದು ಸುಳ್ಳೇನೂ ಭಾರವಲ್ಲ. ಆದರೆ ನಾನು ನೋಡದ ಆ ಹೆಣ್ಣಿನ ಮುಖದ ಮೇಲೆ ನನ್ನ ಕೈಯಾರೆ ಒಂದು ಮಚ್ಚೆ ಇಡಲು ಆಗಲಿಲ್ಲ.

"ನಾ ನೋಡಿಲ್ರಿ," ಎಂದೆ. "ಯಾರಿಗೂ ಕಂಡಿಲ್ಲ ಆಕಿ."

"ಯಾರೂ ನೋಡಿಲ್ಲ," ಎಂದು ಅವರು ತಲೆಯಾಡಿಸಿದರು. "ಹಂಗಾರ ಆಕಿ ಮಾತೇ ನಡೀತು."

ಬಸ್ಸು ಹೊರಟಿತು. ತಿರುಗಿ ನೋಡಿದೆ. ಮಾಸ್ತರರು ನಿಂತಲ್ಲಿಯೇ ನಿಂತು, ಒಂದು ಬೆರಳಿನಿಂದ ತಮ್ಮ ಎಡಗಲ್ಲವನ್ನು ಮುಟ್ಟಿ ನೋಡಿದರು, ಆಮೇಲೆ ಬಲಗಲ್ಲವನ್ನು. ಆಮೇಲೆ ಕೈ ಕೆಳಗಿಳಿಸಿದರು.